ಆಯುಧ ಒಯ್ಯುವಿಕೆಯ ಕಾನೂನು: ಚಿತ್ರದುರ್ಗ ಸೀಮೆ

ಬಂದೂಕು, ಕತ್ತಿ, ಕೊಡಲಿ ಮೊದಲಾದವನ್ನು ರಸ್ತೆಯಲ್ಲಿ, ವಾಹನದಲ್ಲಿ ಹಾಗೂ ಕೆಲಸದ ಸ್ಥಳದಲ್ಲಿ ಇಟ್ಟುಕೊಳ್ಳುವುದನ್ನು ನಿಯಂತ್ರಿಸುವ ಕಾನೂನಿಗೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಎರಡು ಮೂಲಗಳಿವೆ. ಸಂವಿಧಾನವು ಆಯುಧಗಳನ್ನು ಕೇಂದ್ರ ಪಟ್ಟಿಗೂ ಸಾರ್ವಜನಿಕ ಸುವ್ಯವಸ್ಥೆಯನ್ನು ರಾಜ್ಯ ಪಟ್ಟಿಗೂ ಸೇರಿಸಿರುವುದರಿಂದ, ಪರವಾನಗಿಯ ವಿಚಾರ ಕೇಂದ್ರದ ಶಸ್ತ್ರಾಸ್ತ್ರ ಅಧಿನಿಯಮಕ್ಕೆ ಒಳಪಟ್ಟರೆ, ಗಲಭೆಯ ಭಯವಿದ್ದಾಗ ಹೊರಡಿಸುವ ತಾತ್ಕಾಲಿಕ ನಿಷೇಧ 1963ರ ಕರ್ನಾಟಕ ಪೊಲೀಸ್ ಅಧಿನಿಯಮದಂಥ ರಾಜ್ಯ ಕಾನೂನಿಗೂ ಒಳಪಡುತ್ತದೆ.

ಪಾಳೆಯಗಾರರ ಕಾಲದಲ್ಲಿ ಆಯುಧ ಹಿಡಿಯುವುದೇ ಬೇಡ ಪಡೆಯವರು ದುರ್ಗದ ನಾಯಕರಿಗೆ ಸಲ್ಲಿಸುವ ಸೇವೆಯಾಗಿತ್ತು. 1779ರಲ್ಲಿ ಹೈದರಾಲಿ ಕೋಟೆಯನ್ನು ವಶಪಡಿಸಿಕೊಂಡು, ಬೇಡ ಕುಟುಂಬಗಳನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಮೇಲೆ ಆ ವ್ಯವಸ್ಥೆ ಮುರಿದುಬಿತ್ತು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಆಯುಧ ಒಪ್ಪಿಸದೆ ದಂಗೆಯೆದ್ದರು. 1878ರ ಕಾಯ್ದೆ ಬ್ರಿಟಿಷ್ ಭಾರತದಲ್ಲಿ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಲ್ಲಿ ದೊರೆತ ವಿನಾಯಿತಿ ಇಂದಿಗೂ ಉಳಿದಿದೆ. ದುರ್ಗದ ಸೈನಿಕ ಸಮುದಾಯಗಳಿಗೆ ಅಂಥದ್ದು ದೊರೆಯಲಿಲ್ಲ.

ಈಗ ಜಾರಿಯಲ್ಲಿರುವ 1959ರ ಶಸ್ತ್ರಾಸ್ತ್ರ ಅಧಿನಿಯಮ 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಈ ಸೀಮೆಯ ದುಡಿಯುವ ಜನರ ಮಟ್ಟಿಗೆ ಅದರ ಅತಿ ಮುಖ್ಯವಾದ ಭಾಗ ಆಯುಧವೆಂದರೇನು ಎಂಬ ವ್ಯಾಖ್ಯೆಯೇ. ಮನೆವಾರ್ತೆಗೆ ಅಥವಾ ಬೇಸಾಯಕ್ಕೆ ಮಾತ್ರ ರೂಪಿಸಿದ ಸಲಕರಣೆಗಳನ್ನೂ ಸಾಧಾರಣ ಕೈಗೋಲನ್ನೂ ಅದು ಆಯುಧದಿಂದ ಹೊರಗಿಡುತ್ತದೆ. 1962ರ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಚೂರಿ, ಕತ್ತಿಗಳನ್ನು ಆಯುಧಗಳ ಪಟ್ಟಿಗೆ ಸೇರಿಸಿದರೂ ಬೇಸಾಯದ ಹತಾರಗಳನ್ನು ಹೊರಗಿಟ್ಟವು. ಹೀಗಾಗಿ ಹೊಳಲ್ಕೆರೆಯ ಅಡಿಕೆ ತೋಟಕ್ಕೆ ಹೋಗುವ ಕೂಲಿಯ ಕುಡುಗೋಲಾಗಲಿ, ಹಿರಿಯೂರಿನ ಕುರಿಗಾಹಿಯ ಕೊಡಲಿಯಾಗಲಿ, ಹೊಸದುರ್ಗದಲ್ಲಿ ಎಳನೀರು ಕೆತ್ತುವವರ ಮಚ್ಚಾಗಲಿ ಪರವಾನಗಿ ಬೇಡುವುದಿಲ್ಲ. ಆದರೆ ಪೊಲೀಸ್ ಅಧಿನಿಯಮದ ಅಡಿಯಲ್ಲಿ ನಿಷೇಧಾಜ್ಞೆ ಹೊರಟಾಗ ದೊಣ್ಣೆ, ಲಾಠಿಗಳೂ ನಿಷಿದ್ಧ ವಸ್ತುಗಳಾಗಬಹುದಾದ್ದರಿಂದ, ಅದೇ ಮಚ್ಚನ್ನು ಗಾಡಿಯಲ್ಲಿಟ್ಟುಕೊಂಡ ಕೂಲಿಯಾಳು ತನ್ನ ಕಸುಬನ್ನು ರುಜುವಾತು ಮಾಡಿ ತೋರಿಸಬೇಕಾಗುತ್ತದೆ. ಕಾನೂನು ಉದ್ದೇಶವನ್ನು ನೋಡುವುದು ನ್ಯಾಯವಾದದ್ದೇ. ಆ ರುಜುವಾತಿನ ಹೊರೆ ಬಡವನ ಮೇಲೆ ಬೀಳುವುದು ನ್ಯಾಯವಲ್ಲ, ಆದ್ದರಿಂದ ಇಂಥ ಆಜ್ಞೆಗಳು ಕೃಷಿ ಸಲಕರಣೆಗಳನ್ನು ಹೆಸರಿಸಿಯೇ ಹೊರತುಪಡಿಸಬೇಕು.

ಬಂದೂಕಿನ ವಿಷಯದಲ್ಲಿ ಸಡಿಲಿಕೆಯಿಲ್ಲ. ಬೆಳೆ ರಕ್ಷಣೆಗೆ ಮದ್ದು ತುಂಬಿ ಸಿಡಿಸುವ ನಾಡಬಂದೂಕಿಗೂ ಪರವಾನಗಿ ಬೇಕು. ಪರವಾನಗಿಯಿದ್ದರೂ ಜಾತ್ರೆ, ಧಾರ್ಮಿಕ ಮೆರವಣಿಗೆ, ಶಾಲಾ ಆವರಣಗಳಿಗೆ ಅದನ್ನು ಒಯ್ಯುವಂತಿಲ್ಲ. 2016ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಅದು ಚೀಲದಲ್ಲೋ ಒರೆಯಲ್ಲೋ ಪೂರ್ತಿ ಮುಚ್ಚಿರಬೇಕು. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಹಿರಿಯೂರನ್ನು ಹಾದುಹೋಗುವ ವಾಹನವನ್ನು ಆಯುಧಕ್ಕಾಗಿ ತಡೆದು ಶೋಧಿಸುವ ಅಧಿಕಾರ ಶಸ್ತ್ರಾಸ್ತ್ರ ಅಧಿನಿಯಮದ 23ನೇ ಪ್ರಕರಣದಿಂದ ಪೊಲೀಸರಿಗಿದೆ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿಯನ್ನು 3ರಿಂದ 2ಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿತು.

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ವನ್ಯಜೀವಿಧಾಮದಲ್ಲಿ ನಿರ್ಬಂಧ ಇನ್ನೂ ಬಿಗಿಯಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಂತೆ ಲಿಖಿತ ಅನುಮತಿಯಿಲ್ಲದೆ ಅದರೊಳಗೆ ಆಯುಧ ಒಯ್ಯುವಂತಿಲ್ಲ. ವನ್ಯಜೀವಿಧಾಮದಿಂದ 10 ಕಿಲೋಮೀಟರ್ ಒಳಗಿನ ನಿವಾಸಿಗಳಿಗೆ ಹೊಸ ಬಂದೂಕು ಪರವಾನಗಿ ಕೊಡಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಸಮ್ಮತಿ ಬೇಕು. ಬೇಟೆಗೆ ಬಳಸಿ ಸಿಕ್ಕಿಬಿದ್ದ ಬಂದೂಕೂ ವಾಹನವೂ ಸರ್ಕಾರದ ಸ್ವತ್ತಾಗುತ್ತವೆ.