ಹಮ್ಮಾಮೂ ಹಂಡೆಯ ನೀರೂ

ಇತಿಹಾಸವೆಂದರೆ ಯುದ್ಧಗಳ, ಪಟ್ಟಾಭಿಷೇಕಗಳ ಕಾಲಪಟ್ಟಿಯೆಂದು ಬಗೆಯುವ ವಿದ್ಯಾರ್ಥಿಗೆ, ಸ್ನಾನಕ್ಕೂ ಒಂದು ಇತಿಹಾಸವುಂಟೆಂದರೆ ನಗು ಬಂದೀತು. ಆದರೆ ಬಿಸಿನೀರಿನ ಸುಖವು ಯಾರಿಗೆ, ಯಾರ ದುಡಿಮೆಯಿಂದ ದೊರಕುತ್ತಿತ್ತೆಂಬುದನ್ನು ವಿಚಾರಿಸಿದರೆ ಒಂದು ಸಮಾಜದ ಬಾಳ್ವೆಯೇ ಕಣ್ಣಿಗೆ ಕಟ್ಟುತ್ತದೆ.

‘ಹಮ್ಮಾಮ್’ ಎಂಬುದು ಅರಬ್ಬೀ ಶಬ್ದ. ಕಾಯಿಸುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದುದು. ರೋಮನರ ಸ್ನಾನಗೃಹಗಳ ಪರಂಪರೆಯನ್ನು ಅರಬರೂ ಪಾರಸಿಕರೂ ತುರ್ಕರೂ ತಮ್ಮದಾಗಿಸಿಕೊಂಡು ಬೆಳೆಸಿದರು. ಒಲೆಯ ಬಿಸಿಗಾಳಿಯು ನೆಲದ ಅಡಿಯಲ್ಲಿ ಹರಿದು ಕೋಣೆಯನ್ನು ಕಾಯಿಸುವುದು. ಸ್ನಾನಾರ್ಥಿಯು ತಂಪಾದ ಕೋಣೆಯಿಂದ ಬೆಚ್ಚನೆಯದಕ್ಕೂ ಅಲ್ಲಿಂದ ಬಿಸಿಯಾದುದಕ್ಕೂ ಹಂತಹಂತವಾಗಿ ಸಾಗುವನು. ಹಬೆಗೂ ಬೆವರಿಗೂ ಚರ್ಮದ ಹೊರಪದರವು ಮೆತ್ತಗಾಗುವುದು. ಆಗ ಒರಟು ಬಟ್ಟೆಯ ಕೈಚೀಲದಿಂದ ಉಜ್ಜಿದರೆ ಸತ್ತ ಪದರವು ಕಳಚಿಬೀಳುವುದು. ಬಳಿಕ ಸಾಬೂನಿನ ನೊರೆ, ಮರ್ದನ, ಕೊನೆಗೆ ವಿಶ್ರಾಂತಿ.

1327ರಲ್ಲಿ ಬಾಗ್ದಾದಿಗೆ ಹೋಗಿದ್ದ ಪ್ರವಾಸಿ ಇಬ್ನ್ ಬತೂತನು ಅಲ್ಲಿಯ ಸಾರ್ವಜನಿಕ ಹಮ್ಮಾಮುಗಳನ್ನು ಕೊಂಡಾಡಿದ್ದಾನೆ. ಸ್ನಾನಕ್ಕೆ ಬಂದ ಪ್ರತಿಯೊಬ್ಬನಿಗೂ ಮೂರು ವಸ್ತ್ರಗಳನ್ನು ಕೊಡುತ್ತಿದ್ದರಂತೆ. ಮುಂದೆ 1342ರ ಸುಮಾರಿಗೆ ಅದೇ ಪ್ರವಾಸಿ ಮಂಗಳೂರಿನಿಂದ ಏಳಿಮಲೆಯ ಕಡೆಗೆ ಹಡಗೇರಿದನು. ನಮ್ಮ ಉಪ್ಪಳದ ಕರಾವಳಿಯು ಆ ಹಾದಿಯಲ್ಲೇ ಇದೆ.

ಕನ್ನಡ ನಾಡಿನಲ್ಲಿ ಹಮ್ಮಾಮನ್ನು ಕಾಣಬೇಕಾದರೆ ಬೀದರಿನ ಕೋಟೆಗೆ ಹೋಗಬೇಕು. 15ನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನ ಅಹಮದ್ ಶಹನು ರಾಜಧಾನಿಯನ್ನು ಕಲಬುರಗಿಯಿಂದ ಅಲ್ಲಿಗೆ ಒಯ್ದನು. ಕೋಟೆಯೊಳಗಿನ ಹಳೆಯ ಶಾಹಿ ಹಮ್ಮಾಮಿನಲ್ಲಿ ಈಗ ಪುರಾತತ್ವ ವಸ್ತುಸಂಗ್ರಹಾಲಯವಿದೆ. ಬೀದರಿನ ಬಳಿ ನೆಲದಡಿಯಲ್ಲಿ ಕೊರೆದ ಜಲಮಾರ್ಗಗಳೂ ಉಂಟು; ಗುಡ್ಡದ ಸುರಂಗದಿಂದ ನೀರು ಪಡೆಯುವ ನಮ್ಮ ಕಾಸರಗೋಡಿನವರಿಗೆ ಅವು ಅಪರಿಚಿತವೆನಿಸಲಾರವು.

ಹಾಗೆಂದು ಸ್ನಾನಸುಖವನ್ನು ನಮಗೆ ಪರದೇಶದವರೇ ಕಲಿಸಿದರೆನ್ನಲಾಗದು. ಇಂದು ಬೀದರ ಜಿಲ್ಲೆಗೇ ಸೇರಿದ ಕಲ್ಯಾಣದಲ್ಲಿ ಅಹಮದ್ ಶಹನಿಗಿಂತ ಸುಮಾರು ಮುನ್ನೂರು ವರ್ಷ ಮೊದಲು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು, 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಸ್ನಾನವನ್ನು ರಾಜಭೋಗಗಳಲ್ಲೊಂದಾಗಿ ಎಣಿಸಿ, ಪರಿಮಳ ತೈಲದ ಅಭ್ಯಂಗವನ್ನು ವರ್ಣಿಸಿದ್ದಾನೆ.

ಬಾಗ್ದಾದಿನ ಹಮ್ಮಾಮು ಊರಿನದು. ಬೀದರಿನದೂ ಕಲ್ಯಾಣದದೂ ಅರಸರದು. ನಮ್ಮಲ್ಲಿ ಜನಸಾಮಾನ್ಯರ ಹಮ್ಮಾಮು ಯಾವುದು? ಮನೆಯ ಬಚ್ಚಲೇ ಸರಿ. ನರಕಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಬೆಳಗಿ, ನೀರು ತುಂಬಿ, ತೆಂಗಿನ ಮಡಲು ಸಿಪ್ಪೆಗಳನ್ನು ಒಟ್ಟಿ, ನಸುಕಿನಲ್ಲಿ ಎಣ್ಣೆ ಹಚ್ಚಿ ಮೀಯುವಾಗ ಬಡವನಿಗೂ ಆ ರಾಜಭೋಗದ ಒಂದು ಪಾಲು ಸಲ್ಲುತ್ತದೆ.

ಆದರೆ ಅರಮನೆಯಲ್ಲಾಗಲಿ ಮನೆಯಲ್ಲಾಗಲಿ ನೀರು ತಾನಾಗಿ ಕಾಯದು. ಸುಲ್ತಾನನ ಹೆಸರು ಉಳಿದಿದೆ. ಅವನ ಹಮ್ಮಾಮಿನ ಒಲೆಗೆ ಸೌದೆ ಹೊತ್ತವನ ಹೆಸರು ಉಳಿದಿಲ್ಲ. ಮನೆಮಂದಿಗೆಲ್ಲ ನೀರು ಸೇದಿ, ಬೆಂಕಿ ಹಾಕಿ, ಕೊನೆಯಲ್ಲಿ ಉಳಿದ ಉಗುರುಬೆಚ್ಚನೆಯ ನೀರಿನಲ್ಲಿ ಮಿಂದ ತಾಯಂದಿರ ಮಾತನ್ನು ಯಾವ ಪಠ್ಯಪುಸ್ತಕವೂ ಎತ್ತುವುದಿಲ್ಲ. ಉಪಾಧ್ಯಾಯರು ಕೋಟೆಯನ್ನು ತೋರಿಸುವಾಗ ಗುಮ್ಮಟದೊಂದಿಗೆ ಒಲೆಯ ಬಾಯಿಯನ್ನೂ ತೋರಿಸಲಿ. ಬೂದಿಯಲ್ಲಿಯೂ ಇತಿಹಾಸವಿದೆಯೆಂಬುದನ್ನು ಮಕ್ಕಳು ಅಲ್ಲಿ ಮನಗಾಣುವರು.