ಸದಾ ಬಿಡುವಾಗಿದ್ದ ಮೋಡೆಮ್

ಶಾಂತಿಗ್ರಾಮವೆಂದೊಡನೆ ಹೊಯ್ಸಳರ ರಾಣಿ ಶಾಂತಲೆಯನ್ನು ನೆನೆಯುವುದು ವಾಡಿಕೆ. ಹಾಸನದ ಹೆದ್ದಾರಿಯ ಮೇಲಿರುವ ಈ ಊರಿನ ಚರಿತ್ರೆಗೆ, ಯಾವ ಶಾಸನದಲ್ಲಿಯೂ ಕಾಣದ ಒಂದು ಸಣ್ಣ ಪುಟವೂ ಉಂಟು. ಅದು ದೂರವಾಣಿಯ ತಂತಿಯ ಮೂಲಕವೇ ಇಂಟರ್‌ನೆಟ್ಟನ್ನು ತಲುಪಬೇಕಾಗಿದ್ದ ಕಾಲದ್ದು.

ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆ ಕಂಪ್ಯೂಟರಿನ ಅಂಕಿಗಳನ್ನು ಧ್ವನಿಯಾಗಿ ಮಾರ್ಪಡಿಸಿ ತಂತಿಗೆ ಒಪ್ಪಿಸುತ್ತಿತ್ತು. ಅತ್ತ ಕಡೆಯ ಮೋಡೆಮ್ ಆ ಧ್ವನಿಯನ್ನು ಮರಳಿ ಅಂಕಿಗಳಾಗಿಸುತ್ತಿತ್ತು. ಮನೆಗೆ ಒಂದಿದ್ದರೆ ಸಾಕು. ಸೇವೆ ಒದಗಿಸುವ ಕಚೇರಿಯಲ್ಲಾದರೋ ಅವನ್ನು ಸಾಲಾಗಿ ಜೋಡಿಸಿ, ಎಲ್ಲಕ್ಕೂ ಸೇರಿ ಒಂದೇ ದೂರವಾಣಿ ಸಂಖ್ಯೆ ಕೊಡುತ್ತಿದ್ದರು. ಕರೆ ಬಂದಾಗ ಎಕ್ಸ್‌ಚೇಂಜು ಸಾಲಿನಲ್ಲಿ ಹುಡುಕುತ್ತ ಹೋಗಿ, ಬಿಡುವಾಗಿ ಕಂಡ ತಂತಿಗೆ ಅದನ್ನು ಸೇರಿಸುತ್ತಿತ್ತು.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಈ ಸೇವೆಯನ್ನು ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಆರಂಭಿಸಿತು. ಆರಂಭದಲ್ಲಿಯೇ ಯಂತ್ರಗಳೂ ಜಾಲವೂ ತೊಂದರೆ ಕೊಟ್ಟವು. ನಿಗಮದ ಅಧ್ಯಕ್ಷರಾಗಿದ್ದ ಬಿ. ಕೆ. ಸಿಂಗಾಲ್ ಅವರು ಹೊಣೆಯನ್ನು ಬಹಿರಂಗವಾಗಿ ಒಪ್ಪಿಕೊಂಡರು. ತಪ್ಪು ಕರೆದವನದಲ್ಲ ಎಂದು ಮೇಲಿನವರೊಬ್ಬರು ಹೇಳಿದ ಈ ಮಾತು ಸಣ್ಣದಲ್ಲ.

ಆ ಮಾತಿನ ಬೆಲೆ ನನಗೆ ತಿಳಿದದ್ದು 2001ರ ಮಳೆಗಾಲದಲ್ಲಿ. ಶಾಂತಿಗ್ರಾಮದ ನಮ್ಮ ನೆರೆಮನೆಯ ಹುಡುಗಿ ಹೊರದೇಶದ ವಿಶ್ವವಿದ್ಯಾಲಯವೊಂದಕ್ಕೆ ಅಂದು ರಾತ್ರಿಯೊಳಗೆ ಇ-ಮೇಲ್ ಮೂಲಕ ಒಪ್ಪಿಗೆ ಕಳುಹಿಸಬೇಕಾಗಿತ್ತು. ಎಷ್ಟು ಸಲ ಡಯಲ್ ಮಾಡಿದರೂ ಅತ್ತಲಿಂದ ಒಂದೇ ಸಮನೆ ಊಳಿಡುವ ಸದ್ದು. ಬಳಿಕ ಸಂಪರ್ಕ ಕಡಿತ. ಅತ್ತಲಿನ ಯಂತ್ರ ಕರೆಯನ್ನು ಸ್ವೀಕರಿಸಿದ್ದರಿಂದ ಪ್ರತಿ ಸಲವೂ ಮೀಟರು ಏರುತ್ತಿತ್ತು. ಸೇವೆಯ ಕಚೇರಿಗೆ ದೂರಿದರೆ, “ನಿಮ್ಮ ಲೈನೇ ಸರಿಯಿಲ್ಲ” ಎಂಬ ಉತ್ತರ. ಅವಳಿಗೆ ಯಂತ್ರ ಬಳಸಲು ಬಾರದೆಂದು ಮನೆಯವರು ಅಂದುಕೊಂಡರು; ನಿಜ ಹೇಳಬೇಕೆಂದರೆ, ನಾನೂ ಹಾಗೆಯೇ ಭಾವಿಸಿದ್ದೆ. ಗಡುವು ಮೀರಿತು.

ಮೂರನೆಯ ದಿನ ಲೈನ್‌ಮನ್ ಬಂದರು. ತಂತಿಯಲ್ಲಿ ದೋಷವಿರಲಿಲ್ಲ. ಅವರು ಅದೇ ಸಂಖ್ಯೆಗೆ ಕರೆಮಾಡಿ, ಊಳಿಡುವ ಸದ್ದು ಕೇಳಿದೊಡನೆ ರಿಸೀವರನ್ನು ಕೆಳಗಿಡದೆ ಹಿಡಿದುಕೊಂಡು, “ಈಗ ನೀವು ಆ ಮನೆಯಿಂದ ಮಾಡಿ ನೋಡಿ ಸ್ವಾಮಿ” ಎಂದರು. ನಮ್ಮ ಮನೆಯಿಂದ ಡಯಲ್ ಮಾಡಿದೆ; ಒಂದೇ ಪ್ರಯತ್ನಕ್ಕೆ ಸಂಪರ್ಕ ದೊರಕಿತು!

ಗುಟ್ಟು ಸರಳವಾದದ್ದು. ಸರಿಯಿದ್ದ ಮೋಡೆಮ್‌ಗಳು ಗಂಟೆಗಟ್ಟಲೆ ಒಬ್ಬೊಬ್ಬರ ಕೆಲಸದಲ್ಲಿ ತೊಡಗಿರುತ್ತಿದ್ದವು. ಕೆಟ್ಟ ಮೋಡೆಮ್ ಮಾತ್ರ ಯಾರ ಕೆಲಸವನ್ನೂ ಮಾಡದೆ ಮರುಕ್ಷಣವೇ ಬಿಡುವಾಗುತ್ತಿತ್ತು. ಎಕ್ಸ್‌ಚೇಂಜಿಗೆ ಬಿಡುವು ಕಾಣುತ್ತಿತ್ತೇ ಹೊರತು ದೋಷ ಕಾಣುತ್ತಿರಲಿಲ್ಲ. ಆದ್ದರಿಂದ ಹೊಸ ಕರೆಗಳೆಲ್ಲ ಮತ್ತೆ ಮತ್ತೆ ಅದರ ಪಾಲಿಗೇ ಬೀಳುತ್ತಿದ್ದವು. ನೂರು ಯಂತ್ರಗಳಲ್ಲಿ ಒಂದು ಕೆಟ್ಟರೂ, ಜನದಟ್ಟಣೆಯ ಹೊತ್ತಿನಲ್ಲಿ ಬಾಗಿಲು ಕಾಯುತ್ತಿದ್ದುದು ಆ ಒಂದೇ.

ಅವು ಕೆಡುತ್ತಿದ್ದುದಕ್ಕೆ ಕಾರಣಗಳೂ ಇದ್ದವು. ಮೇಜಿನ ಮೇಲೆ ಒಂಟಿಯಾಗಿರಲೆಂದು ಮಾಡಿದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಕಾವು ಹೊರಹೋಗದು. ಮಳೆಗಾಲದ ಸಿಡಿಲಿನ ಹೊಡೆತ ತಂತಿಯಗುಂಟ ಒಳನುಗ್ಗುವುದು. ನಮ್ಮಲ್ಲಿ ಇದರ ಅರಿವೇ ಇರಲಿಲ್ಲವೆನ್ನುವಂತಿಲ್ಲ. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು, ಹವಾನಿಯಂತ್ರಣವಿಲ್ಲದೆ ಹಳ್ಳಿಯ ಧೂಳು ಧಗೆಗಳಲ್ಲಿ ನಡೆಯುವಂತೆ ರೂಪಿಸಿದ್ದರು.

ಸಿರಿವಂತ ನಾಡುಗಳಲ್ಲಿಯೂ ಕರೆದವರು ಬಾಗಿಲಲ್ಲೇ ನಿಂತದ್ದುಂಟು. ಅಮೆರಿಕಾ ಆನ್‌ಲೈನ್ ಕಂಪನಿಯು 1996ರ ಡಿಸೆಂಬರಿನಲ್ಲಿ ತಿಂಗಳಿಗೊಂದೇ ದರವನ್ನು ನಿಗದಿಪಡಿಸಿದಾಗ ಅದರ ಮೋಡೆಮ್‌ಗಳು ಸಾಲದೆ ಹೋದವು. ಅಲ್ಲಿನ ರಾಜ್ಯಗಳು ಪಟ್ಟುಹಿಡಿದುದರಿಂದ, ಮರುತಿಂಗಳೇ ಗ್ರಾಹಕರಿಗೆ ಹಣ ಹಿಂದಿರುಗಿಸಲು ಕಂಪನಿ ಒಪ್ಪಿತು.

ನಮ್ಮ ಹುಡುಗಿಗೆ ಮೀಟರಿನ ಹಣವೂ ಬರಲಿಲ್ಲ, ಆ ಅವಕಾಶವೂ ಮರಳಲಿಲ್ಲ. ಇಂದು ಯಾರೂ ಹೀಗೆ ಡಯಲ್ ಮಾಡಬೇಕಾಗಿಲ್ಲ. ಆದರೆ ದೂರು ಹೇಳಿದವರನ್ನೇ ದೂಷಿಸುವ ಮೊದಲು ನಾನು ಈಗ ಎರಡನೆಯ ಮನೆಯಿಂದಲೂ ಒಮ್ಮೆ ಕರೆಮಾಡಿ ನೋಡುತ್ತೇನೆ. ಆ ಲೈನ್‌ಮನ್ ನನಗೆ ಕಲಿಸಿದ ಪಾಠ ಅದು.