ಶಿಬಾಮ್

ಶಿಬಾಮ್ ಯೆಮೆನ್ ದೇಶದ ಹದ್ರಮೌತ್ ಪ್ರಾಂತ್ಯದಲ್ಲಿರುವ ಕೋಟೆನಗರ. ಸುಡದ ಮಣ್ಣಿನ ಇಟ್ಟಿಗೆಗಳಿಂದ ಕಟ್ಟಿದ ಗೋಪುರದಂತಹ ಬಹುಮಹಡಿ ಮನೆಗಳಿಂದಾಗಿ ಇದು ‘ಮರುಭೂಮಿಯ ಮ್ಯಾನ್‌ಹಟನ್’ ಎಂದು ಪ್ರಸಿದ್ಧವಾಗಿದೆ. 1982ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ನೆಲೆ ಮತ್ತು ಇತಿಹಾಸ

ವಾದಿ ಹದ್ರಮೌತ್ ವರ್ಷದ ಬಹುಕಾಲ ಒಣಗಿರುವ ಕಣಿವೆ. ಮಳೆ ಸುರಿದಾಗ ಇಲ್ಲಿ ಹಠಾತ್ತನೆ ಪ್ರವಾಹ ಬರುತ್ತದೆ. ಅದು ತಂದು ಹರಡುವ ಮೆಕ್ಕಲುಮಣ್ಣು ಬೇಸಾಯಕ್ಕೂ ಮನೆ ಕಟ್ಟುವುದಕ್ಕೂ ಆಧಾರವಾಗಿದೆ. ಇಲ್ಲಿದ್ದ ಹಳೆಯ ಊರು 1532–33ರ ಮಹಾಪ್ರವಾಹದಲ್ಲಿ ನಾಶವಾಯಿತು. ಇಂದಿನ ನಗರದ ಹೆಚ್ಚಿನ ಭಾಗ ಅನಂತರ ರೂಪುಗೊಂಡದ್ದು. ಕಣಿವೆಯಿಂದ ಮೇಲೆದ್ದ ಬಂಡೆಯ ದಿಬ್ಬದ ಮೇಲೆ ಮನೆಗಳನ್ನು ಒತ್ತಾಗಿ ಕಟ್ಟಿ, ಸುತ್ತಲೂ ಗೋಡೆ ಎಬ್ಬಿಸಲಾಗಿದೆ. ಇದರಿಂದ ನೆರೆಯಿಂದಲೂ ಶತ್ರುಗಳಿಂದಲೂ ರಕ್ಷಣೆ ದೊರೆಯಿತು. ಫಲವತ್ತಾದ ನೆಲ ಬೇಸಾಯಕ್ಕೆ ಉಳಿಯಿತು.

ನಿರ್ಮಾಣ ವಿಧಾನ

ಜೇಡಿಮಣ್ಣಿಗೆ ನೀರು ಮತ್ತು ಒಣಹುಲ್ಲನ್ನು ಬೆರೆಸಿ ಕಲಸಿ, ಅಚ್ಚಿನಲ್ಲಿ ಇಟ್ಟಿಗೆ ಹೊಯ್ದು ಬಿಸಿಲಿನಲ್ಲಿ ಒಣಗಿಸುತ್ತಾರೆ. ಮಣ್ಣು ಒಣಗುವಾಗ ಬಿರುಕು ಬಿಡದಂತೆ ಹುಲ್ಲು ತಡೆಯುತ್ತದೆ. ಅಡಿಪಾಯಕ್ಕೆ ಕಲ್ಲನ್ನು ಬಳಸುತ್ತಾರೆ. ಗೋಡೆಗಳು ಬುಡದಲ್ಲಿ ದಪ್ಪವಾಗಿದ್ದು, ಮೇಲೆ ಹೋದಂತೆ ತೆಳುವಾಗುತ್ತವೆ. ಇದರಿಂದ ಕೆಳಗಿನ ಭಾಗದ ಮೇಲೆ ಬೀಳುವ ಭಾರ ಕಡಿಮೆಯಾಗುತ್ತದೆ. ಅತಿ ಎತ್ತರದ ಮನೆಗಳು ಸುಮಾರು 30 ಮೀಟರ್ ಮುಟ್ಟುತ್ತವೆ. ಕೆಳ ಅಂತಸ್ತುಗಳನ್ನು ಧಾನ್ಯ ಮತ್ತು ಜಾನುವಾರುಗಳಿಗೆ ಮೀಸಲಿಟ್ಟು, ಮೇಲಿನ ಅಂತಸ್ತುಗಳಲ್ಲಿ ಕುಟುಂಬಗಳು ವಾಸಿಸುವುದು ಇಲ್ಲಿನ ರೂಢಿ. ದಪ್ಪ ಮಣ್ಣಿನ ಗೋಡೆ ಹಗಲಿನ ಬಿಸಿಯನ್ನು ನಿಧಾನವಾಗಿ ಹೀರಿಕೊಂಡು ರಾತ್ರಿ ಹೊರಬಿಡುವುದರಿಂದ ಹಗಲು ಮನೆಯ ಒಳಗೆ ತಂಪಾಗಿರುತ್ತದೆ.

ಒಣಗಿದ ಜೇಡಿಮಣ್ಣು ಭಾರವನ್ನು ಚೆನ್ನಾಗಿ ತಾಳುತ್ತದೆ. ನೆನೆದರೆ ಮೆತ್ತಗಾಗಿ ಕುಸಿಯುತ್ತದೆ. ಆದುದರಿಂದ ತಾರಸಿಗೂ ಗೋಡೆಗಳಿಗೂ ಸುಣ್ಣದ ಗಾರೆ ಬಳಿದು ನೀರು ಇಳಿಯದಂತೆ ಮಾಡುತ್ತಾರೆ. ತಾರಸಿಯ ಮಳೆನೀರು ಗೋಡೆಗೆ ತಾಗದಂತೆ ಅದನ್ನು ದೋಣಿಗಳ ಮೂಲಕ ದೂರಕ್ಕೆ ಹಾಯಿಸುತ್ತಾರೆ. ಗಾರೆ ಸವೆದ ಕಡೆ ಆಗಾಗ ಮತ್ತೆ ಬಳಿಯಬೇಕಾಗುತ್ತದೆ.

ಸಂರಕ್ಷಣೆ

ನಗರದ ಪುನಶ್ಚೇತನ ಯೋಜನೆಗೆ 2007ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ದೊರೆಯಿತು. ಅಕ್ಟೋಬರ್ 2008ರ ಪ್ರವಾಹದಿಂದ ಊರಿಗೆ ಮತ್ತೆ ಹಾನಿಯಾಯಿತು. ಯೆಮೆನ್‌ನ ಯುದ್ಧದ ಹಿನ್ನೆಲೆಯಲ್ಲಿ ಯುನೆಸ್ಕೊ 2015ರಲ್ಲಿ ಶಿಬಾಮನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಮಣ್ಣಿನ ಮನೆಗಳ ಆಯುಷ್ಯ ಅಲ್ಲಿ ವಾಸಿಸುವವರ ನಿರಂತರ ದುರಸ್ತಿಯನ್ನೇ ಅವಲಂಬಿಸಿದೆ. ನಿವಾಸಿಗಳು ತೊರೆದ ಮನೆಯಲ್ಲಿ ಸೋರಿಕೆ ಆರಂಭವಾದರೆ ಅದರ ಗೋಡೆಗಳು ಕ್ರಮೇಣ ಕರಗಿ ಕುಸಿಯುತ್ತವೆ.